ಮಾವಿನೆಲೆಯ ಮೀಸೆ

ಕಂಪ್ಯೂಟರಿನಲ್ಲಿ ಚಿತ್ರವನ್ನೇ ಬ್ರಶ್ಶು ಮಾಡಿಕೊಳ್ಳಬಹುದು ಎಂದು ಸಿದ್ದೇಶನಿಗೆ ಗೊತ್ತಾಗಿದ್ದೇ ತಾಪತ್ರಯಕ್ಕೆಲ್ಲ ಮೂಲ. ತೊಂಬತ್ತೇಳನೇ ಇಸವಿ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ, ತಿಥಿ ಕಾರ್ಡು ಟೈಪು ಮಾಡಿ ಬೆರಳು ಸವೆಸಿದ್ದವನಿಗೆ ಅವತ್ತು ಬೆಳಿಗ್ಗೆ ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿ ಆ ವಿದ್ಯೆ ಸಿಕ್ಕಿಬಿಟ್ಟಿತು. ಎರಡು ಮೂರು ಚಿತ್ರ ಕೂಡಿಸಿ ಬ್ರಶ್ಶು ಮಾಡಿಕೊಂಡರೆ ಮುಗಿಯಿತು, ಮೌಸ್ ಒತ್ತಿದ ಕಡೆಯೆಲ್ಲ ಅದರ ಅಚ್ಚು ಬೀಳುತ್ತದೆ. ಖುಷಿಗೆ ಅವನು ತರಿಸಿಟ್ಟ ಕಾಫಿ ಕುಡಿಯುವುದನ್ನೂ ಮರೆತ.

ಅದೂ ಎಂಥ ದಿನ ಸಿಕ್ಕಿತು ನೋಡಿ. ಹೊಣಕೆರೆಯ ರಂಗಸ್ವಾಮಿಯವರು ಮಧ್ಯಾಹ್ನದ ಬಸ್ಸಿಗೆ ಬರುವವರಿದ್ದರು. ಅವರ ಮಗಳು ಹೇಮಳನ್ನು ಸಿದ್ದೇಶ ನೋಡಿ, ಒಪ್ಪಿ, ನಿದ್ದೆ ಕಳೆದುಕೊಂಡು ಹದಿನೈದು ದಿನವಾಗಿತ್ತು. ಹುಡುಗಿಯೂ ಒಪ್ಪಿದ್ದಳು. ಆದರೆ ಪಾಂಡವಪುರದ ಒಬ್ಬ ಮೇಷ್ಟ್ರ ಸಂಬಂಧವೂ ಬಂದಿದ್ದರಿಂದ ಅವಳಪ್ಪನ ಮನಸ್ಸು ಅತ್ತಿತ್ತ ತೂಗಾಡುತ್ತಿತ್ತು. “ಕಂಪ್ಯೂಟರ್ ಕೆಲ್ಸ ಅಂದ್ರೆ ಏನು ಅಂತ ಕಣ್ಣಾರೆ ನೋಡ್ಬುಟ್ಟು ಹೇಳ್ತೀನಿ” ಎಂದಿದ್ದರು. ಹೇಮಳ ಫೋಟೊದ ಸುತ್ತ ತನ್ನದೇ ಬ್ರಶ್ಶಿನ ಅಂಚು ಒತ್ತಿ ಆಲ್ಬಮ್ಮಿನ ಒಂದು ಹಾಳೆ ತೋರಿಸಿದರೆ, ಮೇಷ್ಟ್ರೆಲ್ಲಿ ತಾನೆಲ್ಲಿ ಎಂದು ಸಿದ್ದೇಶ ಹಿಗ್ಗಿದ.

ಮಾವಿನೆಲೆ ತಂದು ಸ್ಕ್ಯಾನರಿನ ಗಾಜಿನ ಮೇಲಿಟ್ಟ. ಹಾರಿಹೋಯಿತು. ಕಂಪ್ಯೂಟರು ಬಿಸಿಯಾಗಬಾರದೆಂದು ಮಾಲೀಕರು ಅದರ ಎಡಗಡೆಗೆ ಒಂದು ಟೇಬಲ್ ಫ್ಯಾನು ಇಟ್ಟಿದ್ದರು. ಬೆವರುವ ಸಿದ್ದೇಶನಿಗೆ ಅದರಲ್ಲಿ ಪಾಲಿರಲಿಲ್ಲ. ನೆಲದ ಹತ್ತಿರವಿದ್ದ ಸ್ವಿಚ್ಚನ್ನು ಕಾಲಿನಲ್ಲೇ ಒತ್ತಿ ಫ್ಯಾನು ನಿಲ್ಲಿಸಿದ.

ಅಷ್ಟರಲ್ಲಿ ಪಕ್ಕದಂಗಡಿಯಲ್ಲಿ ಬೋರ್ಡು ಬರೆಯುವ ಕುಳ್ಳಯ್ಯ ಹೊಸ ಬ್ರಶ್ಶಿನ ಸುದ್ದಿ ಕೇಳಿ ಬಣ್ಣದ ಕೈಯಲ್ಲೇ ಒಳಗೆ ಬಂದ.

“ಎಲ್ಲಿಲಾ ನಿನ್ ಬ್ರಶ್ಶು? ಒಂದು ಕೂದ್ಲೂ ಕಾಣಾಕಿಲ್ವಲ್ಲ.”

“ಕೂದ್ಲು ಬ್ಯಾಡ ಕಣಣ್ಣ, ಎಲೆನೇ ಬ್ರಶ್ಶು.”

“ಅಂಗಾರೆ ಒಂದೆಲೆ ಸಾಲಾಕಿಲ್ಲ. ಎಡಕ್ಕೊಂದು ಬಲಕ್ಕೊಂದು ಇಕ್ಕಿ ತುದಿನ ಮೇಲಕ್ಕೆ ತಿರುವು. ಮೂವತ್ತೊರ್ಸದಿಂದ ಬರೀತಾ ಇವ್ನಿ, ನಂಗೊತ್ತಿಲ್ವಾ?”

ಬಾಗಿಲಲ್ಲಿ ಹೂ ಮಾರುವ ಬೆಟ್ಟಮ್ಮ ಬುಟ್ಟಿ ಬಿಟ್ಟು ಎದ್ದು ಬಂದಳು. “ನಡುಮಧ್ಯಕ್ಕೆ ಈ ಮೊಗ್ಗು ಮಡಗು ಮಗ” ಎಂದು ಮಲ್ಲಿಗೆಯೊಂದನ್ನು ಕೊಟ್ಟಳು.

ಎರಡು ಎಲೆ, ಒಂದು ಮೊಗ್ಗು ಕೂಡಿ ಬ್ರಶ್ಶಾಯಿತು. ಸಿದ್ದೇಶ ಹಸಿರು ಬಣ್ಣದಲ್ಲಿ ಒತ್ತಿದ, ಒತ್ತಿದ, ಪರದೆಯ ಮೇಲಿದ್ದ ಹೇಮಳ ಫೋಟೊದ ಸುತ್ತ ತೋರಣ ಕಟ್ಟಿದಂತಾಯಿತು. “ಪರ್ವಾಗಿಲ್ಲ” ಎಂದ ಕುಳ್ಳಯ್ಯ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

“ಎಣ್ಣು ಬೋ ಲಕ್ಷಣವಾಗವ್ಳೆ, ದಿಷ್ಟಿ ಆಯ್ತದೆ. ಕೆನ್ನೆಗೊಂದು ಕರೀ ಬೊಟ್ಟು ಇಡು” ಎಂದಳು ಬೆಟ್ಟಮ್ಮ.

ಸಿದ್ದೇಶ ಬಣ್ಣವನ್ನು ಕಪ್ಪಿಗೆ ತಿರುಗಿಸಿದ. ಬ್ರಶ್ಶು ಬದಲಾಯಿಸುವುದನ್ನು ಮರೆತ. “ಅಲ್ಲಲ್ಲ, ಇನ್ನೂ ಈಚ್ಗೆ” ಎಂದು ಬೆಟ್ಟಮ್ಮ ಮೊಣಕೈ ಎಳೆದಳು. ಮೌಸು ಒತ್ತಿಹೋಗಿ, ಹೇಮಳ ಮೂಗಿನ ಕೆಳಗೆ ಎರಡೂ ತುದಿ ತಿರುವಿದ ದಪ್ಪ ಮೀಸೆ ಮೂಡಿತು. ಗಾಬರಿಯಲ್ಲಿ ಸಿದ್ದೇಶ ಇನ್ನೊಮ್ಮೆ ಒತ್ತಿಬಿಟ್ಟ, ಹಣೆಗೂ ಒಂದು ಬಿತ್ತು. ಆ ಕಾಲದ ಕಂಪ್ಯೂಟರು ಒಂದೇ ಹೆಜ್ಜೆ ಹಿಂದಕ್ಕೆ ಹೋಗುತ್ತಿತ್ತು. ಹಣೆಯದು ಅಳಿಸಿಹೋಯಿತು, ಮೀಸೆ ಉಳಿಯಿತು.

ಅದೇ ಹೊತ್ತಿಗೆ ಬಾಗಿಲಲ್ಲಿ ರಂಗಸ್ವಾಮಿಯವರು ನಿಂತಿದ್ದರು.

ವಾರದಿಂದ ಅಭ್ಯಾಸ ಮಾಡಿಕೊಂಡಿದ್ದ “ಬನ್ನಿ ಮಾವ” ಎಂಬ ಮಾತು ಸಿದ್ದೇಶನ ಬಾಯಲ್ಲಿ “ಬನ್ನಿ ಸಾ” ಆಯಿತು. ರಂಗಸ್ವಾಮಿಯವರಿಗೆ ಅದೂ ಕೇಳಿಸಲಿಲ್ಲ. ಮಗಳ ಮೀಸೆಯನ್ನೇ ನೋಡುತ್ತ ಹೆಗಲ ಟವೆಲು ಜಾರಿದರೂ ಎತ್ತಿಕೊಳ್ಳಲಿಲ್ಲ. ಆಮೇಲೆ ಮೆಲ್ಲಗೆ ಚಪ್ಪಲಿ ಬಿಟ್ಟರು.

“ಅಪ್ಪ” ಎಂದರು. “ನಮ್ಮಪ್ಪ ಕಣಪ್ಪ ಇದು. ನಂಗೆ ಅನ್ನೆರಡು ವರ್ಸ ಇದ್ದಾಗ ಓಗ್ಬುಟ್ರು. ಒಂದು ಫೋಟನೂ ಇಲ್ಲ. ಹೇಮ ತಾತನ ಪಡಿಯಚ್ಚು ಅಂತ ಊರೆಲ್ಲ ಅಂತಿತ್ತು, ಇವತ್ತು ಕಂಡೆ.”

ಸಿದ್ದೇಶನಿಗೆ ಹೋದ ಜೀವ ಬಂತು. ಬೆಟ್ಟಮ್ಮನಂತೂ ಕ್ಷಣವೂ ತಡಮಾಡಲಿಲ್ಲ. “ಇರೀಕ್ರೇ ಬಂದವ್ರೆ, ಸುಮ್ಕೆ ಕಳುಸ್ಬ್ಯಾಡಿ. ಮನಸ್ನಾಗೆ ಇರೋದ್ನ ಹೂ ಕೇಳ್ಬುಡಿ” ಎಂದು ಒಂದು ಮಲ್ಲಿಗೆಯನ್ನು ನೀರಲ್ಲಿ ಅದ್ದಿ ಪರದೆಯ ಮೇಲೆ, ತಾತನ ಹಣೆಗೆ ಅಂಟಿಸಿದಳು.

ರಂಗಸ್ವಾಮಿಯವರು ಕಣ್ಣು ಮುಚ್ಚಿ, ಕೈ ಮುಗಿದು, ತುಟಿ ಅಲ್ಲಾಡಿಸಿದರು. ಕುಳ್ಳಯ್ಯನೂ ಕೈ ಮುಗಿದ. ಹೂವು ಅಲುಗಲಿಲ್ಲ. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ತನ್ನ ಗತಿ ಏನೆಂದು ಸಿದ್ದೇಶ ಹೂವನ್ನೇ ನೋಡಿದ. ಆಗ ಎಡಗಡೆ ಸುಮ್ಮನೆ ನಿಂತಿದ್ದ ಫ್ಯಾನು ನೆನಪಾಯಿತು. ತಾತನಿಗೆ ಮನಸ್ಸಿನಲ್ಲೇ ತಪ್ಪುಕಾಣಿಕೆ ಕಟ್ಟಿ, ಕಾಲ್ಬೆರಳಿಂದ ಸ್ವಿಚ್ಚು ಒತ್ತಿದ.

ಹೂವು ನಡುಗಿತು, ಜಾರಿತು, ಟಣ್ಣನೆ ಬಲಕ್ಕೆ ಹಾರಿತು.

“ಬಲಗಡೆ ಕೊಟ್ರು” ಎಂದು ಬೆಟ್ಟಮ್ಮ ಕೆನ್ನೆ ಬಡಿದುಕೊಂಡಳು. ಸಿದ್ದೇಶ ಓಡಿಹೋಗಿ ರಂಗಸ್ವಾಮಿಯವರ ಕಾಲಿಗೆ ಬಿದ್ದ.

ಅವರು ಕಣ್ಣೊರೆಸಿಕೊಂಡು ಅವನನ್ನು ಎತ್ತಿದರು. “ಒಳ್ಳೇ ಉಡ್ಗ ಕಣಪ್ಪ ನೀನು. ನನ್ನ ಮನಸ್ಸು ನಿನ್ ಕಡಿಗೇ ವಾಲಿತ್ತು. ಆದ್ರೂ ಇರೀಕ್ರ ಮಾತು ಮೀರಾಕಾಯ್ತದಾ? ಪಾಂಡವಪುರದ ಮೇಷ್ಟ್ರಿಗೇ ಎಣ್ಣು ಕೊಡೋದಾದ್ರೆ ಬಲಗಡೆ ಕೊಡಪ್ಪ ಅಂತ ಕೇಳ್ದೆ.”

ಫ್ಯಾನು ತಿರುಗುತ್ತಲೇ ಇತ್ತು.

“ಅಪ್ಪನ ಫೋಟ ದೊಡ್ದಾಗಿ ಮಾಡ್ಕೊಡು. ಹೇಮನ ಲಗ್ನಪತ್ರಿಕೆನೂ ನಿನ್ನ ಕೈಲೇ ಆಗ್ಬೇಕು” ಎಂದು ರಂಗಸ್ವಾಮಿಯವರು ಚಪ್ಪಲಿ ಮೆಟ್ಟಿದರು. “ಅಂಚಿಗೆ ಅದೇ ಬ್ರಶ್ಶು ಒತ್ತಪ್ಪ, ಚೆಂದಾಗೈತೆ.”