ಮಣ್ಣೂರಿಗೆ ಹೋದ ಪಾವು ಸೇರು ಚಹಾ

ಬೆಳಗ್ಗೆ ಒಲೆ ಹೊತ್ತಿಸುವ ಮೊದಲು ತುಳಸಿಗೆ ನೀರೆರೆಯುವುದನ್ನು ಉಮಾಬಾಯಿ ಜ್ವರ ಬಂದ ದಿನವೂ ತಪ್ಪಿಸಿದವಳಲ್ಲ. ಆ ವರ್ಷ ಮಂತ್ರದ ಕೊನೆಗೆ ಎರಡು ಹೊಸ ಹೆಸರುಗಳು ಸೇರಿಕೊಂಡಿದ್ದವು. "ಚಂದ್ರಾಮ, ಸಕ್ಕುಬಾಯಿ" ಎನ್ನುತ್ತಾ ಎರಡು ಉದ್ಧರಣೆ ನೀರನ್ನು ಹೆಚ್ಚಿಗೆ ಬಿಡುತ್ತಿದ್ದಳು.

"ಕೇಶವ ಗೊತ್ತು, ಮಾಧವ ಗೊತ್ತು. ಈ ಚಂದ್ರಾಮ ಯಾವ ದೇವರು?" ಎಂದು ಗಂಡ ಜಯತೀರ್ಥ ಮಾಸ್ತರರು ಕೆಣಕುತ್ತಿದ್ದರು.

"ನಲವತ್ತು ದಿನ ನಮ್ಮನ್ನ ಕಾಯ್ದ ದೇವರು. ಇಷ್ಟು ಲಗು ಮರತ್ರೇನು?"

ಮಾಸ್ತರರೂ ಮರೆತಿರಲಿಲ್ಲ. ಲೂಟಿ, ಬೆಂಕಿಯ ಗದ್ದಲದ ದಿನಗಳಲ್ಲಿ ಆಳಂದದ ಮನೆಗೆ ಬೀಗ ಹಾಕಿ, ಉಟ್ಟ ಬಟ್ಟೆಯಲ್ಲೇ ಭೀಮಾ ದಂಡೆಯ ಮಣ್ಣೂರಿಗೆ ಓಡಿದಾಗ, ಗುರುತಿಲ್ಲದ ಈ ರೈತ ದಂಪತಿ ತಮ್ಮ ಪಡಸಾಲೆಯನ್ನೇ ಬಿಟ್ಟುಕೊಟ್ಟಿದ್ದರು. ಯಾರಾದರೂ ಕೇಳಿದರೆ "ನಮ್ಮ ಬೀಗರು" ಎನ್ನುತ್ತಿದ್ದರು. ಜುಟ್ಟು ಜನಿವಾರದ ಬೀಗರು!

ಈಗ ಊರು ತಣ್ಣಗಾಗಿತ್ತು. ದೀಪಾವಳಿ ಹತ್ತಿರ ಬಂದಿತ್ತು. ಉಮಾಬಾಯಿ ಸೆರಗು ಬಿಗಿದು ಸಾರಿದಳು: "ಮಣ್ಣೂರಿಗೆ ನಾನು ಚಹಾ ಒಯ್ತೇನಿ! ಆ ಮನಿಯಾಗ ಇನ್ನೂ ಯಾರೂ ಚಹಾದ ರುಚಿ ನೋಡಿಲ್ಲ. ಇನ್ನ ನೂರು ವರ್ಷ ಆದ್ರೂ, ನಮಗ ಚಹಾ ಕಲಿಸಿದಾಕಿ ಉಮಾಬಾಯಿ ಅಂತ ನೆನೀಬೇಕು!"

"ಮೂರು ವರ್ಷದ ಹಿಂದ ನೀನೂ ಅದರಾಗ ಉಪ್ಪು ಹಾಕಿದ್ದಿ," ಎಂದರು ಮಾಸ್ತರರು. ಉಮಾಬಾಯಿಗೆ ಅದು ಕೇಳಿಸಲಿಲ್ಲ.

ಅಂಗಡಿಗೆ ಜೊತೆಯಾಗಿ ಬಂದವಳು ನೆರೆಮನೆಯ ಮೆಹರಾಜಬೇಗಂ. ಆ ನಲವತ್ತು ದಿನ ಇವರ ಮನೆಯ ಬೀಗ ಕಾಯ್ದವಳೂ ಅವಳೇ. ಅಂಗಡಿಯಲ್ಲಿ ಚಿತ್ರದ ಡಬ್ಬಿಯ ಚಹಾ ಇತ್ತು. ಅದನ್ನು ಕೊಂಡರೆ ಬಸ್ಸಿಗೆ ದುಡ್ಡು ಉಳಿಯುತ್ತಿರಲಿಲ್ಲ. ಎಲೆ ಚಹಾ ಇತ್ತು. ಅದಕ್ಕೆ ಬಣ್ಣ ಕಡಿಮೆ. ಕೊನೆಗೆ ಗೋಣಿಚೀಲದಲ್ಲಿದ್ದ ಕರಿ ಪುಡಿ.

"ಹೊಸಬ್ರಿಗೆ ಪುಡೀನೇ ಚಲೋ," ಎಂದಳು ಮೆಹರಾಜಬೇಗಂ. "ಸೋವಿ ಅದ, ಬಣ್ಣಾನೂ ಬಿಡ್ತದ. ಆದ್ರ ಉಮಾಬಾಯಿ, ಬರೇ ಪುಡಿ ಕೊಟ್ಟು ಬರಬ್ಯಾಡ್ರಿ. ಒಂದ್ಸಲ ಮಾಡಿ ತೋರಿಸ್ರಿ."

"ಅಯ್ಯ, ಚಹಾ ಮಾಡೂದೇನು ಯಜ್ಞ ಏನ್ರಿ? ಎರಡು ಮಾತಿನಾಗ ಹೇಳಿ ಬರ್ತೇನಿ!"

ಪಾವು ಸೇರು ಪುಡಿಯನ್ನು ಪುಡಿಕೆ ಕಟ್ಟಿಸಿ, ಮಾಸ್ತರರನ್ನು ಮನೆಯಲ್ಲೇ ಬಿಟ್ಟು, ಉಮಾಬಾಯಿಯ ದಿಗ್ವಿಜಯ ಹೊರಟಿತು! ಬಸ್ಸಿನಲ್ಲಿ ಅಫಜಲಪುರ, ಅಲ್ಲಿ ಒಂದು ರಾತ್ರಿ ತಂಗಿ, ಮರುದಿನ ಎತ್ತಿನ ಗಾಡಿಯಲ್ಲಿ ಮಣ್ಣೂರು. ಸಕ್ಕುಬಾಯಿ ಬಾಗಿಲಿಗೆ ಓಡಿ ಬಂದು "ಬರ್ರಿ ಬಾಯಾರ, ಬರ್ರಿ! ಬಡವಾಗೀರಿ!" ಎಂದು ಕೈ ಹಿಡಿದಾಗ ಉಮಾಬಾಯಿಯ ಕಣ್ಣು ತುಂಬಿತು. ಇಂಥವಳಿಗೆ ಪುಡಿಕೆಯನ್ನು ಸುಮ್ಮನೆ ಕೈಗೆ ಕೊಡುವುದೇ? ಮಣೆಯ ಮೇಲೆ ಕೂರಿಸಿ, ಕುಂಕುಮ ಹಚ್ಚಿ, ಉಡಿ ತುಂಬಿದಳು. ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ. ಎಲ್ಲದರ ಮೇಲೆ, ಕಿರೀಟದ ಹಾಗೆ, ಚಹಾದ ಪುಡಿಕೆ!

"ಇದು ಚಹಾ. ಬೆಲ್ಲ ಹಾಕು, ಚಲೋತ್ನಾಗಿ ಕುದಿಸು, ಕಡೀಕ ಹಾಲು ಹಾಕು. ಅಷ್ಟs."

"ಅಷ್ಟೇನ್ರಿ? ಹಂಗಾದ್ರ ಈಗs ಮಾಡ್ತೇನ್ರಿ."

ಉಮಾಬಾಯಿ ನದಿಗೆ ಸ್ನಾನಕ್ಕೆ ಹೋದಳು. ಒದ್ದೆ ಸೀರೆಯಲ್ಲಿ ಮರಳುವಾಗ ಓಣಿಯ ತುದಿಗೇ ಚಹಾದ ವಾಸನೆ ಎದುರುಗೊಂಡಿತು. ಎಂಥ ವಾಸನೆ! ಆಳಂದದ ಇಡೀ ಬಸ್‌ಸ್ಟ್ಯಾಂಡಿಗೆ ಸಾಲುವಷ್ಟು! 'ನೋಡ್ರಿ, ಎರಡು ಮಾತಿನಾಗ ಕಲಿಸಿದೆ,' ಎಂದು ಮನಸ್ಸಿನಲ್ಲೇ ಮೆಹರಾಜಬೇಗಂಗೆ ಹೇಳಿಕೊಂಡು ಹೊಸ್ತಿಲು ದಾಟಿದಳು.

ದಾಟಿದವಳು ಅಲ್ಲೇ ನಿಂತಳು.

ಪಡಸಾಲೆಯಲ್ಲಿ ಮನೆಯ ಒಂಬತ್ತು ಮಂದಿ ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ತಾಟಿನಲ್ಲೂ ಕಾಡಿಗೆಯಂಥ ಕಪ್ಪು ಹುಗ್ಗಿ! ಉಡಿಗೆ ಬಿದ್ದದ್ದನ್ನು ಅದೇ ದಿನ ಸಿಹಿ ಮಾಡಿ ಮನೆಮಂದಿಯೇ ಉಣ್ಣಬೇಕು, ಒಂದು ಅಗುಳೂ ಬಿಡಬಾರದು ಎಂಬುದು ಆ ಮನೆಯ ಪದ್ಧತಿ. ಸಕ್ಕುಬಾಯಿ ಅಕ್ಕಿಗೆ ಕೊಬ್ಬರಿ ಹೆರೆದು ಹಾಕಿದ್ದಳು, ಉತ್ತತ್ತಿ ಹಾಕಿದ್ದಳು, ಪಾವು ಸೇರು ಚಹಾಪುಡಿಯನ್ನೂ ಸುರಿದಿದ್ದಳು. ಹೇಳಿದಂತೆ ಬೆಲ್ಲ ಹಾಕಿದ್ದಳು, ಕುದಿಸಿದ್ದಳು, ಹಾಲೂ ಹಾಕಿದ್ದಳು!

ಚಂದ್ರಾಮ ತುತ್ತು ನುಂಗಿ, ನೀರಾಡುವ ಕಣ್ಣಿನಿಂದಲೇ ನಕ್ಕ. "ಭಾಳ... ಭಾಳ ಚಲೋ ಅದ್ರಿ ಬಾಯಾರ."

ಅವನ ತಮ್ಮ ಸೈದಪ್ಪ ಮೆಲ್ಲಗೆ ತಂಬಿಗೆಗೆ ಕೈ ಚಾಚಿದ. "ನೀರು ಕುಡದು ನುಂಗ್ತಿ ಏನಲೇ?" ಎಂದು ಸಕ್ಕುಬಾಯಿ ಗದರಿದಳು. "ಅಗದು ಉಣ್ಣು! ಬಾಯಾರ ಉಡೀಗೆ ಹಾಕಿದ ಲಕ್ಷ್ಮಿ ಅದ!"

ಮೊಣಕಾಲು ನೋವೆಂದು ಎಂಟು ದಿನದಿಂದ ಹಾಸಿಗೆ ಬಿಡದಿದ್ದ ಅವಳ ಅತ್ತೆ ಗೌರಾಬಾಯಿ ಅಷ್ಟರಲ್ಲಿ ತಾಟು ಖಾಲಿ ಮಾಡಿ, ಎದ್ದು ಅಂಗಳ ಗುಡಿಸುತ್ತಿದ್ದಳು. ಎರಡನೆಯ ಸಲ!

ಉಮಾಬಾಯಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಹೇಳಿದರೆ ಸಕ್ಕುಬಾಯಿಗೆ ಮಂದಿಯ ಎದುರು ಅವಮಾನ. ಹೇಳದಿದ್ದರೆ ಗಡಿಗೆಯಲ್ಲಿ ಇನ್ನೂ ಅರ್ಧ ಉಳಿದಿದೆ. ಕಾಯ್ದವರ ಹೊಟ್ಟೆಯನ್ನು ತಾನೇ ಕೆಡಿಸಿದಂತೆ.

"ಸಕ್ಕೂ, ತಪ್ಪು ನಂದು ಬೇ," ಎಂದು ಅವಳ ಕೈ ಹಿಡಿದಳು. "ಇದು ಉಣ್ಣೂದಲ್ಲ. ನೀರಾಗ ಒಂದು ಚಿಟಿಕಿ ಹಾಕಿ ಕುದಿಸಿ, ಸೋಸಿ, ಕುಡಿಯೂದು. ಅದನ್ನs ಹೇಳೂದು ಬಿಟ್ಟೆ."

ಅಂಗಳದಿಂದ ಗೌರಾಬಾಯಿಯ ದನಿ ಬಂತು: "ಚಿಟಿಕಿ? ಹಂಗಾದ್ರ ಇವತ್ತು ನಾವು ಒಂದು ವರ್ಷದ್ದು ಉಂಡೇವಾ?"

"ಚಲೋ ಆತು ಬಿಡವ್ವ," ಎಂದ ಚಂದ್ರಾಮ. "ವರ್ಷದ ಕೆಲಸ ಒಂದೇ ಹೊತ್ತಿಗೆ ಮುಗೀತು!"

ಮೊದಲು ನಕ್ಕವಳು ಸಕ್ಕುಬಾಯಿಯೇ. ಆಮೇಲೆ ಇಡೀ ಪಡಸಾಲೆ ನಕ್ಕಿತು. ನಕ್ಕು ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು ಅವಳೆಂದಳು: "ಬಾಯಾರ, ನೀವು ಹಸದೀರಿ. ನಿಮಗ ಆ ನಲವತ್ತು ದಿನದಂಗ ಬ್ಯಾರೆ ಒಲಿ ಹೂಡಿ ಕೊಡ್ತೇನ್ರಿ. ಅಕ್ಕಿ, ಬ್ಯಾಳಿ ತೆಗದಿಟ್ಟೇನಿ. ಮಡೀಲೆ ಮಾಡ್ಕೋರಿ."

ಉಮಾಬಾಯಿ ತಾಟುಗಳನ್ನು ನೋಡಿದಳು. ತನ್ನ ಕೈಯಿಂದ ಬಂದದ್ದೆಂಬ ಒಂದೇ ಕಾರಣಕ್ಕೆ ಆ ಕಹಿಯಲ್ಲಿ ಯಾರೂ ಒಂದು ಅಗುಳನ್ನೂ ಚೆಲ್ಲಿರಲಿಲ್ಲ. ಈ ಜನರ ನಡುವೆ ತನ್ನದೊಂದು ಬೇರೆ ಒಲೆ ಏಕೆ? ಅವಳು ಹೋಗಿ ಸಾಲಿನ ಕೊನೆಗೆ ಕೂತಳು.

"ಒಲಿ ಬ್ಯಾಡ ಸಕ್ಕೂ. ನನಗೂ ಇದೇ ಗಡಿಗೀದು ನೀಡು," ಎಂದು ತಾಟು ಮುಂದೆ ಮಾಡಿದಳು. ಆಮೇಲೆ ಮೆಲ್ಲಗೆ ಸೇರಿಸಿದಳು: "ತಳದಾಗಿಂದು ಮಾತ್ರ ಬ್ಯಾಡವಾ!"