ಹನ್ನೊಂದು ಡಬ್ಬಿಗಳ ಋಣ

೨೦೨೫ನೇ ಇಸವಿ ನವೆಂಬರ್ ೧೬, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಪಂಚಾಕ್ಷರಿ ತನ್ನ ಅಡುಗೆಮನೆಯ ಕಟ್ಟೆಯ ಮೇಲೆ ಹನ್ನೊಂದು ಸ್ಟೀಲ್ ಡಬ್ಬಿಗಳನ್ನು ಎತ್ತರಕ್ಕೆ ತಕ್ಕಂತೆ ಸಾಲಾಗಿ ನಿಲ್ಲಿಸಿದ. ಹನ್ನೊಂದೂ ಖಾಲಿ. ಹನ್ನೊಂದೂ ಬೇರೆಯವರವು. ತೊಂದರೆ ಇದ್ದದ್ದೇ ಅಲ್ಲಿ.

ಆರು ವಾರಗಳ ಹಿಂದೆ ಅವನ ಹೆಂಡತಿ ಸೌಮ್ಯಾ ಮೆಟ್ಟಿಲ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಅಂದಿನಿಂದ ಸಿಂಗಸಂದ್ರದ ಆ ಎಂಟು ಮನೆಯ ಕಟ್ಟಡ ಅವರಿಬ್ಬರನ್ನು ಉಪವಾಸ ಬೀಳಲು ಬಿಟ್ಟಿರಲಿಲ್ಲ. ಎದುರು ಮನೆಯ ಭಾಗ್ಯಶ್ರೀ ಧಾರವಾಡದ ಕಡೆಯವಳು. ಅವಳಿಂದ ರೊಟ್ಟಿ, ಝುಣಕ. ಮೇಲಿನ ಮನೆಯ ಸಾಫ್ಟ್‌ವೇರ್ ಹುಡುಗಿ ಕಾವ್ಯಾಳಿಂದ ಏನಾದರೊಂದು ಪುಲಾವು. ಕಟ್ಟಡದ ಒಡತಿ, ನೆಲಮಹಡಿಯ ಪಿಳ್ಳಮ್ಮ ಹುಟ್ಟಾ ಸಿಂಗಸಂದ್ರದವಳು. ಅವಳ ಮನೆಯಲ್ಲಿ ಮಾಂಸ ಬೇಯುತ್ತದೆ. ಅದಕ್ಕೆಂದೇ ಮಾಂಸ ತಿನ್ನದ ಇವರ ಬಸ್ಸಾರಿಗೆ ಅವಳು ಹೊಸ ಪಾತ್ರೆಗಳನ್ನೇ ಕೊಂಡು ಬೇರೆ ಇಟ್ಟಿದ್ದಳು. ಇದನ್ನು ಅವಳು ಹೇಳಿರಲಿಲ್ಲ. ಪಾತ್ರೆಯ ತಳದ ಸ್ಟಿಕ್ಕರು ನೋಡಿ ಪಂಚಾಕ್ಷರಿಗೆ ಗೊತ್ತಾಗಿತ್ತು.

ಪ್ಲಾಸ್ಟರು ಶುಕ್ರವಾರ ಬಿಚ್ಚಿದ್ದರು. ಇನ್ನೆರಡು ವಾರ ಭಾರ ಎತ್ತುವಂತಿಲ್ಲ, ಹಿಟ್ಟು ನಾದುವಂತಿಲ್ಲ ಎಂದು ಡಾಕ್ಟರು ಹೇಳಿದ್ದರು. ಆದರೆ ಬಂದ ಡಬ್ಬಿಯನ್ನು ಖಾಲಿ ಹಿಂದಿರುಗಿಸಬಾರದು. ದಾವಣಗೆರೆಯಲ್ಲಿ ಪಂಚಾಕ್ಷರಿಯ ಅವ್ವ, ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದಳು. ಆರು ವಾರದ ಊಟಕ್ಕೆ ಒಂದು ಹಿಡಿ ಸಕ್ಕರೆ ಎಂದರೆ ಮುಖಕ್ಕೆ ಹೊಡೆದಂತೆ.

"ನಾಳೆಯಿಂದ ದಿನಾ ಎರಡೆರಡು ಮನೆಗೆ ಹೋಳಿಗೆ ಮಾಡಿ ಕೊಟ್ಬಿಡ್ತೀನಿ ಬಿಡ್ರಿ" ಎಂದು ಸೌಮ್ಯಾ ಶನಿವಾರ ರಾತ್ರಿ ಹೇಳಿದಾಗ ಅವನು ಆ ಕೈಯನ್ನು ನೋಡಿದ. ಪ್ಲಾಸ್ಟರಿನೊಳಗೆ ಸೊರಗಿ ನಾರು ತೆಗೆದ ನುಗ್ಗೆಕಾಯಿಯಂತಾಗಿತ್ತು.

"ಬೇಡ. ನಾಳೆ ಭಾನುವಾರ. ಹನ್ನೊಂದೂ ನಾನೇ ತುಂಬಿ ಕೊಡ್ತೀನಿ."

ಸೌಮ್ಯಾ ನಗಲಿಲ್ಲ. ನಗುವ ಹಂತ ದಾಟಿದ ಮಾತು ಅದು.

ಪಂಚಾಕ್ಷರಿಗೆ ಬರುತ್ತಿದ್ದ ಅಡುಗೆ ಎರಡು. ಒಂದು ಚಹಾ. ಇನ್ನೊಂದು ಉಪ್ಪಿಟ್ಟು, ಅದನ್ನು ಅಚ್ಚಿನಲ್ಲಿ ಹಾಕಿದರೆ ಕಾಂಪೌಂಡು ಕಟ್ಟಬಹುದಿತ್ತು. ಆದರೆ ಅವನು ಹದಿನಾಲ್ಕು ವರ್ಷದಿಂದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಾರ್ಖಾನೆಗಳ ತಕ್ಕಡಿಗಳನ್ನು ಪರೀಕ್ಷಿಸಿ ಸರ್ಟಿಫಿಕೇಟು ಕೊಡುವವನು. ಯಾವುದನ್ನೂ ಲೆಕ್ಕವಿಲ್ಲದೆ ಮಾಡಿದವನಲ್ಲ. ಭಾಗ್ಯಶ್ರೀಗೆ ರೊಟ್ಟಿ ಕೊಟ್ಟರೆ ಅವಳು ತನ್ನ ರೊಟ್ಟಿಯ ಪಕ್ಕದಲ್ಲಿಟ್ಟು ನೋಡುತ್ತಾಳೆ. ಪಿಳ್ಳಮ್ಮನಿಗೆ ಸಾರು ಕೊಡುವುದು ಕಾವೇರಿಗೆ ಕೊಡದಲ್ಲಿ ನೀರು ಹೊತ್ತಂತೆ. ಆದ್ದರಿಂದ ಯಾರ ಮನೆಯಲ್ಲೂ ಮಾಡದ, ಹೋಲಿಸಿ ನೋಡಲು ಮಾನದಂಡವೇ ಇಲ್ಲದ ಅಡುಗೆ ಬೇಕು.

ಆ ರಾತ್ರಿಯೇ ಅದನ್ನು ಕೊಟ್ಟವಳು ಕಾವ್ಯಾ. "ಟೋಫು ರೈಸ್ ಮಾಡಿ ಅಂಕಲ್. ಥಾಯ್, ಚೈನೀಸ್ ಎಲ್ಲಾ ಸ್ವಲ್ಪ ಸ್ವಲ್ಪ ಸೇರಿರೋ ಥರ. ತುಂಬಾ ಈಸಿ" ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಳು: ಸೋಯಾ ಸಾಸು, ಶುಂಠಿ, ಬೆಳ್ಳುಳ್ಳಿ, ಹುಣಸೆರಸ, ಬೆಲ್ಲ, ಹುರಿದ ಶೇಂಗಾ, ಕೋಸು, ಕ್ಯಾರೆಟ್ಟು, ಎರಡು ಕಿಲೋ ಅಕ್ಕಿ, ಒಂದೂವರೆ ಕಿಲೋ ಟೋಫು.

ಟೋಫು ಎಂದರೆ ಸೋಯಾಬೀನಿನ ಪನೀರು. ಅದರ ನೀರು ಹಿಂಡದಿದ್ದರೆ ಬಾಣಲೆಯಲ್ಲಿ ಹುರಿಯುವುದಿಲ್ಲ, ಬೇಯುತ್ತದೆ. ಮೇಲೆ ಭಾರ ಇಡಿ ಎಂದು ಹಾಳೆ ಹೇಳಿತ್ತು; ಎಷ್ಟು ಭಾರ ಎಂದು ಹೇಳಿರಲಿಲ್ಲ. ಪಂಚಾಕ್ಷರಿ ಯೋಚಿಸಿ, ಟೋಫುಗಳನ್ನು ಒತ್ತಾಗಿ ಜೋಡಿಸಿ, ಮೇಲೆ ತಟ್ಟೆಯಿಟ್ಟು, ಅದರ ಮೇಲೆ ಸರಿಯಾಗಿ ಮೂರು ಲೀಟರು ನೀರು ತುಂಬಿದ ಕುಕ್ಕರನ್ನು ಇಟ್ಟ. ನಾಲ್ಕು ನಿಮಿಷ ಕುಕ್ಕರು ಗಂಭೀರವಾಗಿ ಕೂತಿತ್ತು. ಐದನೆಯ ನಿಮಿಷಕ್ಕೆ ಹೊಸೂರು ರಸ್ತೆಯಲ್ಲಿ ತಿರುವು ತೆಗೆದುಕೊಳ್ಳುವ ಬಸ್ಸಿನಂತೆ ಒಂದು ಕಡೆಗೆ ವಾಲಿತು. ಮೂರು ಲೀಟರು ನೀರು ಹಾಲ್ ದಾಟಿ ಬಾಗಿಲ ಕೆಳಗಿನಿಂದ ಭಾಗ್ಯಶ್ರೀಯ ರಂಗೋಲಿಯನ್ನು ತಲುಪಿತು.

ಭಾಗ್ಯಶ್ರೀ ಸೀರೆ ಎತ್ತಿಕೊಂಡು ಒಳಗೆ ಬಂದಳು. "ಏನ್ರಿ ಅಣ್ಣಾರ, ಕೆರಿ ಒಡದೈತೇನ್ರಿ?"

"ಟೋಫು ಹಿಂಡ್ತಿದ್ದೆ ಅಕ್ಕಾರೆ."

"ಹಿಂಡಿದ್ದು ಅದನ್ನಲ್ಲ, ನಮ್ಮನ್ನ" ಎಂದಳು ಸ್ಟೂಲಿನ ಮೇಲೆ ಕಾಲು ಎತ್ತಿ ಕೂತಿದ್ದ ಸೌಮ್ಯಾ. ಅವಳಿಗೆ ಅಡುಗೆಮನೆಯೊಳಗೆ ಪ್ರವೇಶ ನಿಷಿದ್ಧವಾಗಿತ್ತು, ಮಾತಿಗೆ ನಿಷೇಧವಿರಲಿಲ್ಲ.

ಭಾಗ್ಯಶ್ರೀ ತನ್ನ ಮನೆಯಿಂದ ಹಳೆಯ ಪಂಚೆಯೊಂದನ್ನು ತಂದು, ಟೋಫುಗಳನ್ನು ಒಂದೊಂದಾಗಿ ಸುತ್ತಿ, ಅಗಲವಾಗಿ ಹರಡಿ, ಮೇಲೆ ಮಣೆಯಿಟ್ಟು, ಮಣೆಯ ಮೇಲೆ ರೊಟ್ಟಿ ಹಂಚನ್ನು ಬೋರಲು ಹಾಕಿದಳು. "ಭಾರ ಎತ್ತರ ಆಗಬಾರದ್ರಿ, ಅಗಲ ಆಗಬೇಕು. ಅರ್ಧ ತಾಸು ಬಿಡ್ರಿ." ಹದಿನಾಲ್ಕು ವರ್ಷ ತೂಕದ ಕಲ್ಲುಗಳ ಜೊತೆ ಬದುಕಿದವನಿಗೆ ಇದು ಹೊಳೆದಿರಲಿಲ್ಲ. ಅವನು ಮನಸ್ಸಿನಲ್ಲೇ ಕೈಮುಗಿದ.

ಅನ್ನದ ಸರದಿ. ಬಿಸಿ ಅನ್ನವನ್ನು ಬಾಣಲೆಗೆ ಹಾಕಿ ತಿರುವಿದ. ಅದು ಮುದ್ದೆಯಾಗಿ ಸೌಟನ್ನೇ ಹಿಡಿದುಕೊಂಡಿತು. ಸದ್ಯ, ಹಾಕಿದ್ದು ಒಂದು ಬಟ್ಟಲಷ್ಟೇ. ಫೋನು ಮಾಡಿದರೆ ಕಾವ್ಯಾ ಹಲ್ಲುಜ್ಜುತ್ತಲೇ ಇಳಿದು ಬಂದಳು.

"ಅಂಕಲ್, ತಣ್ಣಗಿರೋ ಅನ್ನ ಬೇಕು. ನಿನ್ನೆ ಮಾಡಿದ್ದಾದ್ರೆ ಬೆಸ್ಟ್."

"ಹಾಳೇಲಿ ಬರೆದಿಲ್ವಲ್ಲಮ್ಮ."

"ಅದೆಲ್ಲ ಯಾರು ಬರೀತಾರೆ ಅಂಕಲ್, ಎಲ್ಲರಿಗೂ ಗೊತ್ತಿರುತ್ತೆ."

ಅವನ ಮದುವೆಯ ರೇಷ್ಮೆಪಂಚೆಯೊಂದನ್ನು ಬಿಟ್ಟು ಮನೆಯ ಪಂಚೆಗಳೆಲ್ಲ ಮಂಚದ ಮೇಲೆ ಹರಡಿಕೊಂಡವು. ಅವುಗಳ ಮೇಲೆ ಎರಡು ಕಿಲೋ ಅಕ್ಕಿಯ ಅನ್ನ ಹರಡಿ, ಫ್ಯಾನು ಐದಕ್ಕೆ ತಿರುಗಿಸಿ, ಒಂದೂಕಾಲು ಗಂಟೆ ಆರಿಸಿದರು. ಅಗುಳು ಅಗುಳಾಗಿ ಬಿಡಿಬಿಡಿಯಾಯಿತು. ಅಷ್ಟರಲ್ಲಿ ಅವನು ಚಾಕುವಿನಿಂದ ಶುಂಠಿ ಕೆತ್ತಿ ಅರ್ಧದಷ್ಟನ್ನು ಸಿಪ್ಪೆಯ ಜೊತೆಗೇ ಕಳೆದ.

"ಚಮಚದ ಅಂಚಿಂದ ಕೆರೀರಿ. ತೆಳ್ಳಗೆ ಬರ್ತತಿ" ಎಂದಳು ಸೌಮ್ಯಾ. ತೆಳ್ಳಗೇ ಬಂತು.

ಕಾವ್ಯಾ ಹೇಳಿದ ಹುರಿದ ಎಳ್ಳಿನ ಎಣ್ಣೆ ಅಂಗಡಿಯಲ್ಲಿ ಇರಲಿಲ್ಲ. ದೀಪದ ಎಳ್ಳೆಣ್ಣೆ ಹಾಕಲು ಹೊರಟವನನ್ನು ಭಾಗ್ಯಶ್ರೀ ತಡೆದು, ಎರಡು ಚಮಚ ಎಳ್ಳನ್ನು ಘಮ್ಮೆನ್ನುವಂತೆ ಹುರಿದು ಕುಟ್ಟಿ ಕೊಟ್ಟಳು. ಎಂಬತ್ತು ಗ್ರಾಂ ಉಪ್ಪು ತೂಗಿಟ್ಟಿದ್ದನ್ನು ಕಾವ್ಯಾ ಕಸಿದುಕೊಂಡಳು. "ಸೋಯಾ ಸಾಸಲ್ಲೇ ಉಪ್ಪಿದೆ ಅಂಕಲ್. ಇದನ್ನೂ ಹಾಕಿದ್ರೆ ನಾವೆಲ್ಲ ಸಮುದ್ರದ ಮೀನು."

ಹನ್ನೊಂದು ಗಂಟೆಗೆ ಎಣ್ಣೆ ಹೊಗೆಯಾಡುವಷ್ಟು ಕಾದಿತ್ತು. ಪಂಚಾಕ್ಷರಿ ಮೊದಲು ಒಣಮೆಣಸಿನಕಾಯಿ ಹಾಕಿದ.

ನೆಲಮಹಡಿಯವರು ಮೊದಲು ಕೆಮ್ಮಿದರು, ಆಮೇಲೆ ಮೇಲಿನವರು. ರಸ್ತೆಯಲ್ಲಿ ಹೋಗುತ್ತಿದ್ದ ಸೊಪ್ಪಿನವನು ಕೂಗುವುದನ್ನು ಬಿಟ್ಟು ಸೀನಿದ. ಮಂಡಿನೋವಿನ ಪಿಳ್ಳಮ್ಮ ಎರಡು ಮಹಡಿ ಹತ್ತಿ ಬಾಗಿಲಲ್ಲಿ ನಿಂತಳು.

"ಏನಪ್ಪ, ಬಿಲ್ಡಿಂಗ್‌ಗೇ ದಿಷ್ಟಿ ತೆಗೀತಿದ್ದೀಯಾ?"

"ಅಡುಗೆ ಅಮ್ಮಾ."

"ಇಂಗಾ ಅಡ್ಗೆ ಮಾಡಾದು? ಈಕಡೆ ಬಾ." ಅವಳು ಸೌಟು ಕಿತ್ತುಕೊಂಡು ಉರಿ ತಗ್ಗಿಸಿ ಬೆಳ್ಳುಳ್ಳಿ, ಶುಂಠಿ ಹಾಕಿದಳು, ಅದು ಬಣ್ಣಕ್ಕೆ ತಿರುಗಿದ ಮೇಲೆ ಮೆಣಸಿನಕಾಯಿ. "ಒಂದೇ ಕಿತ ಎಲ್ಲಾನೂ ಸುರೀಬ್ಯಾಡ. ಬಾಣ್ಲಿ ತಣ್ಣಗಾದ್ರೆ ತರಕಾರಿ ನೀರು ಬಿಡ್ತದೆ. ವಸಿ ವಸಿ ಹಾಕಿ, ಜೋರು ಉರೀನಾಗೆ ಉರ್ಕೊ."

ಥಾಯ್ಲೆಂಡ್ ಎಂಬ ದೇಶವಿರುವುದನ್ನೇ ಕೇಳಿರದ ಪಿಳ್ಳಮ್ಮ ಹಾಗೆ ಐದು ಸಲ ಹುರಿಸಿದಳು. ಹುಣಸೆ, ಬೆಲ್ಲ, ಸೋಯಾ ಸೇರಿ ಬಾಣಲೆಯಿಂದ ಎದ್ದ ಪರಿಮಳಕ್ಕೆ ಪಂಚಾಕ್ಷರಿಯ ಕಣ್ಣು ತುಂಬಿತು. ಅದರಲ್ಲಿ ಮೆಣಸಿನಕಾಯಿಯ ಪಾಲೆಷ್ಟು, ಕೃತಜ್ಞತೆಯ ಪಾಲೆಷ್ಟು ಎಂದು ಬೇರ್ಪಡಿಸಿ ಅಳೆಯುವ ಉಪಕರಣ ಅವನಲ್ಲಿರಲಿಲ್ಲ. ಆದರೂ, ಋಣ ತೀರಿಸಲು ಹೊರಟವನು ಅದೇ ಜನರಿಂದ ಇನ್ನಷ್ಟು ಸಹಾಯ ಪಡೆಯುತ್ತಿರುವುದು ಅವನಿಗೆ ಸ್ವಲ್ಪ ಇರಿಸುಮುರಿಸಾಯಿತು. ಅವರು ಹೋದ ಮೇಲೆ ಉಳಿದ ಮೂರು ಬಾಣಲೆಯನ್ನು ತಾನೊಬ್ಬನೇ ಹುರಿದ.

ಮಧ್ಯಾಹ್ನ ಮೂರಕ್ಕೆ ಹನ್ನೊಂದೂ ತುಂಬಿದವು. ಒಂದೊಂದಾಗಿ ಹೊತ್ತರೆ ಆರಿಹೋಗುತ್ತದೆ ಎಂದು ಅವನು ಎದುರಿನ ಕಿರಾಣಿ ಅಂಗಡಿಯಿಂದ ಎರಡು ದೊಡ್ಡ ರಟ್ಟಿನ ಪೆಟ್ಟಿಗೆ, ಒಂದು ಸುತ್ತು ಹಗ್ಗ ತಂದ. ಗೇಟಿನಲ್ಲಿ ಪಿಳ್ಳಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಪೆಟ್ಟಿಗೆ ನೋಡಿ ಅವಳ ಕೈ ನಿಂತಿತು. ಹತ್ತು ನಿಮಿಷದ ನಂತರ ಅವನು ಬಂದು ಅವಳ ಮೂರೂ ಪಾತ್ರೆಗಳನ್ನು ಒಟ್ಟಿಗೆ ಮುಂದಿಟ್ಟಾಗ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೆಳಗಿನ ಘಾಟು ಇನ್ನೂ ಇಳಿದಿಲ್ಲ ಎಂದು ಪಂಚಾಕ್ಷರಿ ನೊಂದುಕೊಂಡ.

ಭಾಗ್ಯಶ್ರೀ ತನ್ನ ಮೂರು ಡಬ್ಬಿಗಳನ್ನು ತಿರುಗಿಸಿ ನೋಡಿದಳು. "ಮೂರೂ ಕೊಟ್ರೇನ್ರಿ ಅಣ್ಣಾರ?"

"ಮೂರೂ ಅಕ್ಕಾರೆ. ಒಂದೂ ಉಳಿಸಿಕೊಂಡಿಲ್ಲ."

"ಹೌದ್ರಿ?" ಎಂದು ಅವಳು ಮುಖ ಸಣ್ಣದು ಮಾಡಿಕೊಂಡು ಒಳಗೆ ಹೋದಳು.

ಕಾವ್ಯಾ ಅವನನ್ನು ಗೋಡೆಗೆ ನಿಲ್ಲಿಸಿ ಜೊತೆಯಲ್ಲಿ ಫೋಟೋ ತೆಗೆದುಕೊಂಡಳು. ಒಂದನೇ ಮಹಡಿಯ, ಮೂರು ವರ್ಷದಲ್ಲಿ ಒಮ್ಮೆಯೂ ಮಾತಾಡದ ಬ್ಯಾಂಕಿನವರು ಕೈ ಹಿಡಿದು ಬಿಡಲೇ ಇಲ್ಲ. "ನಿಮ್ಮಂಥೋರು ಸಿಗೋದು ಕಷ್ಟ ಸಾರ್." ಮುಚ್ಚಳ ತೆಗೆಯುವ ಮೊದಲೇ ಇಷ್ಟು ಪರಿಣಾಮ ಬೀರುವ ಅಡುಗೆ ಇನ್ನೊಂದಿಲ್ಲ ಎಂದುಕೊಂಡು ಪಂಚಾಕ್ಷರಿ ನಾಲ್ಕೂವರೆಗೆ ಮನೆಗೆ ಬಂದ.

ಅಡುಗೆಮನೆಯ ಕಟ್ಟೆ ಆರು ವಾರದಲ್ಲಿ ಮೊದಲ ಸಲ ಖಾಲಿಯಾಗಿತ್ತು. ಅವನು ಅದನ್ನು ಎರಡು ಸಲ ಒರೆಸಿದ. ಸೌಮ್ಯಾ ಎಡಗೈಯಲ್ಲಿ ತಟ್ಟೆ ಹಿಡಿದು ತಿಂದಳು, ಇನ್ನೊಂದು ಸಲ ಹಾಕಿಸಿಕೊಂಡಳು. ಹದಿಮೂರು ವರ್ಷದ ದಾಂಪತ್ಯದಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಅವನಿಗೆ ಸಿಕ್ಕಿರಲಿಲ್ಲ.

ಆರು ಗಂಟೆಗೆ ಬಾಗಿಲ ಬೆಲ್ ಆಯಿತು. ಹೊಸ್ತಿಲ ಆಚೆ ಗುರುತಿಲ್ಲದ ಗಂಡ ಹೆಂಡತಿ.

"ಸಾರ್, ಅಡುಗೆಮನೆ ಸ್ವಲ್ಪ ನೋಡಬಹುದಾ?"

ಇಷ್ಟು ಬೇಗ ಹೆಸರು ಹಬ್ಬುತ್ತದೆಂದು ಪಂಚಾಕ್ಷರಿ ಎಣಿಸಿರಲಿಲ್ಲ. ಸಂಕೋಚದಿಂದಲೇ ಒಳಗೆ ಕರೆದ. ಬಾಣಲೆ ತೋರಿಸಿದ. ಅನ್ನ ಆರಿಸಿದ ಮಂಚ ತೋರಿಸಿದ. ಭಾರ ಎತ್ತರವಾಗಬಾರದು, ಅಗಲವಾಗಬೇಕು ಎಂದು ವಿವರಿಸಿದ. ಗಂಡ ನಲ್ಲಿ ತಿರುಗಿಸಿ ನೋಡಿದ. ಹೆಂಡತಿ ಬೀರುವಿನ ಬಾಗಿಲು ತೆಗೆದು ಮುಚ್ಚಿದಳು.

"ನೀವು ಯಾವಾಗ ಬಿಡ್ತೀರಿ ಸಾರ್?" ಎಂದ ಗಂಡ.

"ಏನನ್ನು?"

"ಮನೆ. ಕೆಳಗೆ ಬೋರ್ಡ್ ನೋಡಿ ಬಂದ್ವಿ."

ಪಂಚಾಕ್ಷರಿ ಎರಡೆರಡು ಮೆಟ್ಟಿಲು ಹಾರಿ ಇಳಿದ. ಹಿಂದೆಯೇ ಸೌಮ್ಯಾ, ಕಂಬಿ ಹಿಡಿದು. ಗೇಟಿಗೆ ಕಟ್ಟಿದ ರಟ್ಟಿನ ಮೇಲೆ ಇದ್ದಿಲಲ್ಲಿ ಬರೆದಿತ್ತು: "ಮನೆ ಬಾಡಿಗೆಗೆ ಇದೆ. ಎರಡನೇ ಮಹಡಿ." ಕೆಳಗೆ ಇಡೀ ಕಟ್ಟಡ ನೆರೆದಿತ್ತು. ಭಾಗ್ಯಶ್ರೀಯ ಮೂಗು ಕೆಂಪಾಗಿತ್ತು.

"ಅಮ್ಮಾ, ನಾವು ಮನೆ ಖಾಲಿ ಮಾಡ್ತೀವಿ ಅಂತ ಯಾರು ಹೇಳಿದ್ದು?"

"ಯೋಳಾದೇನು? ಪೆಟ್ಗೆ ತಂದೆ, ಅಗ್ಗ ತಂದೆ, ಎಲ್ಲಾರ ಪಾತ್ರೇನೂ ಒಂದೇ ದಿನ ತೊಳ್ದು ತುಂಬ್ಸಿ ಕೊಟ್ಟೆ. ಮೂವತ್ತು ವರ್ಸದಾಗೆ ಈ ಬಿಲ್ಡಿಂಗ್ನಾಗೆ ಅಂಗೆ ಕೊಟ್ಟೋರೆಲ್ಲ ಮಾರ್ನೆ ದಿನ ಲಾರಿ ತರ್ಸವ್ರೆ. ನಾನೇನಾರ ಮಾತಾಡಿದ್ದು ನೋಯ್ತಾ ಅಂತ ಮದ್ಯಾನದಿಂದ ಯೋಚ್ನೆ ಮಾಡ್ತಾವ್ನಿ."

"ಇರೋರು ಯಾರರ ಎಲ್ಲಾ ಡಬ್ಬಿ ಒಮ್ಮೆಲೆ ಕೊಡ್ತಾರೇನ್ರಿ?" ಎಂದಳು ಭಾಗ್ಯಶ್ರೀ. "ಒಂದು ಕೊಡ್ತಾರ, ಒಂದು ಇಟ್ಕೋತಾರ. ಬಳಕಿ ಅಂದ್ರ ಹಂಗ ಅಲ್ರಿ?"

ತಾನು ಹೋಗುತ್ತೇನೆಂದು ಒಂದು ಕಟ್ಟಡವೇ ಮೂರು ಗಂಟೆ ಮಂಕಾಗಿತ್ತು ಎಂಬುದು ಪಂಚಾಕ್ಷರಿಗೆ ನಿಧಾನವಾಗಿ ಅರ್ಥವಾಯಿತು. "ಎಲ್ಲಿಗೂ ಹೋಗಲ್ಲ ಅಮ್ಮಾ" ಎಂದ. ಪಿಳ್ಳಮ್ಮ ಬೋರ್ಡು ಕಿತ್ತು ಒಲೆಗೆಂದು ಒಳಗೆ ಎಸೆದಳು. ಮನೆ ನೋಡಲು ಬಂದವರಿಗೆ ಹಿಂದಿನ ಬೀದಿಯ ತನ್ನ ತಂಗಿಯ ಕಟ್ಟಡದ ದಾರಿ ತೋರಿಸಿದಳು.

"ನಿಮ್ಮ ಅನ್ನ ಸಕ್ಕತ್ತಾಗಿತ್ತು ಅಂಕಲ್" ಎಂದಳು ಕಾವ್ಯಾ.

"ಚೆಂದಾಗಿತ್ತು. ವಸಿ ಉಪ್ಪು ಕಮ್ಮಿ" ಎಂದಳು ಪಿಳ್ಳಮ್ಮ.

ಎಲ್ಲರೂ ನಕ್ಕರು. ಪಂಚಾಕ್ಷರಿ ಹಗುರಾಗಿ ಮೆಟ್ಟಿಲ ಕಡೆ ತಿರುಗಿದ.

"ಬರಿಗೈಲಿ ಎಲ್ಲಿಗೆ ಓಯ್ತೀಯಾ? ನಿಂತ್ಕೊ." ಪಿಳ್ಳಮ್ಮ ತನ್ನ ಬಾಗಿಲು ಪೂರ್ತಿ ತೆರೆದಳು. ಹೊಸ ಮನೆಯಲ್ಲಿ ಎರಡು ದಿನ ಒಲೆ ಹಚ್ಚಲು ಆಗುವುದಿಲ್ಲವೆಂದು, ಆ ಮುರಿದ ಕೈಯ ಹೆಣ್ಣುಮಗಳು ಏನು ಮಾಡಿಯಾಳೆಂದು, ಮೂರೂವರೆಯಿಂದ ಏಳೂ ಮನೆಯಲ್ಲಿ ಅಡುಗೆ ನಡೆದಿತ್ತು. ನಲವತ್ತು ರೊಟ್ಟಿ. ಎಣ್ಣೆಗಾಯಿ. ಪುಳಿಯೋಗರೆ. ಬ್ಯಾಂಕಿನವರ ಮನೆಯ ಒಂದು ಕೊಳಗ ಕೇಸರಿಬಾತು. ಪಿಳ್ಳಮ್ಮನ ಮನೆಯಲ್ಲಿ ಮಾಂಸ ಸೋಕದೆ ಉಳಿದಿದ್ದ ಹಿತ್ತಾಳೆ ತಪ್ಪಲೆಯ ತುಂಬ ಅವರೆಕಾಳು ಸಾರು. ಬೀಳ್ಕೊಡುಗೆಗೆ ಸಣ್ಣ ಡಬ್ಬಿ ಚೆನ್ನಾಗಿರುವುದಿಲ್ಲವೆಂದು ಎಲ್ಲರೂ ಮನೆಯ ದೊಡ್ಡ ಪಾತ್ರೆಗಳನ್ನೇ ತೆಗೆದಿದ್ದರು.

"ನಾವು ಹೋಗ್ತಾ ಇಲ್ವಲ್ಲ ಅಮ್ಮಾ."

"ಮಾಡಿದ್ದನ್ನ ಒಳಕ್ಕೆ ವಾಪಸ್ ತಕ್ಕೊಂಡೋಗಕ್ಕಾಯ್ತದಾ? ಇಡ್ಕೊ ಆಕಡೆ."

ಹದಿನಾಲ್ಕು ಪಾತ್ರೆಗಳು ಎರಡನೇ ಮಹಡಿಗೆ ಹತ್ತಿದವು. ಆ ಸಂಜೆ ಎಂಟೂ ಮನೆಯವರು ಪಂಚಾಕ್ಷರಿಯ ಹಾಲಿನಲ್ಲಿ ಪಂಕ್ತಿ ಹಾಕಿ ಕೂತು ಉಂಡರು. ಹೋಗುವಾಗ ಪಾತ್ರೆಗೆ ಕೈ ಹಾಕಿದವರೊಬ್ಬರೂ ಇಲ್ಲ. "ಇರ್ಲಿ, ನಿಧಾನಕ್ಕೆ ಕೊಡಿ" ಎಂದು ಎಲ್ಲರೂ ಧಾರಾಳವಾಗಿ ಹೇಳಿದರು.

ಪಂಚಾಕ್ಷರಿ ತಪ್ಪಲೆಯನ್ನು ತೊಳೆದು, ಒರೆಸಿ, ಕಟ್ಟೆಯ ಮೇಲೆ ಉಳಿದ ಹದಿಮೂರರ ಪಕ್ಕದಲ್ಲಿ ಜಾಗ ಸಾಲದೆ, ಬೆಳಿಗ್ಗೆ ಉಪ್ಪು ತೂಗಿದ್ದ ತಕ್ಕಡಿಯ ಮೇಲೆಯೇ ಇಟ್ಟ.

"ಮುಂದಿನ ಭಾನುವಾರ ಇದರಾಗೆ ಏನು ತುಂಬಿ ಕೊಡ್ತೀರಿ?" ಎಂದು ಸೌಮ್ಯಾ ಕೇಳಿದಳು.

ಅವನು ಬಗ್ಗಿ ಅಂಕಿ ಓದಿದ. ಖಾಲಿ ತಪ್ಪಲೆಯ ತೂಕ ಮೂರು ಕಿಲೋ ಎಂಟುನೂರ ನಲವತ್ತು ಗ್ರಾಂ.