ಅಲುಗಾಡದವರಿಗೆ ಬೆಳಕಿಲ್ಲ

ಅಂಚೆ ಕಚೇರಿಯಿಂದ ನಿವೃತ್ತನಾದ ಗಂಡ ಸುಮ್ಮನೆ ಪೇಪರ್ ಓದಿಕೊಂಡಿದ್ದರೆ ಹೊಲಿಗೆಯಾಕೆಯ ಸಂಸಾರ ಸುಖವಾಗಿರುತ್ತಿತ್ತು. ಆದರೆ ಆ ಮಹಾಶಯ ಬೆಸುಗೆ ಕಡ್ಡಿ ಹಿಡಿದ. ಬೆಂಕಿಪೊಟ್ಟಣದಷ್ಟಿದ್ದ ಸರ್ಕ್ಯೂಟ್ ಬೋರ್ಡುಗಳನ್ನು ತರಿಸಿ, ಮೂರೇ ತಿಂಗಳಲ್ಲಿ ಮನೆಯ ಸ್ವಿಚ್ಚುಗಳನ್ನೆಲ್ಲ ಕಿತ್ತು, ಬದಲಿಗೆ ದೀಪ, ಪಂಪು ಎಲ್ಲವನ್ನೂ ಒತ್ತಿ ನಡೆಸಲು ಮೊಬೈಲಿನಲ್ಲೊಂದು ವೆಬ್ ಪೇಜ್ ಕಟ್ಟಿದ. (ಪೇಜಿನ ಹೆಸರು 'ಗೃಹಸಾಮ್ರಾಜ್ಯ'. ಸಾಮ್ರಾಜ್ಞಿಗೆ ಪಾಸ್‌ವರ್ಡ್ ಕೊಟ್ಟಿರಲಿಲ್ಲ.)

ಕಿಟಕಿಯಿಲ್ಲದ ಹೊಲಿಗೆ ಕೋಣೆಗೆ ಮಾತ್ರ ವಿಶೇಷ ಕೃಪೆ: ಒಂದು ಸೆನ್ಸರ್. ಒಳಗಿದ್ದವರು ಅಲುಗಾಡಿದರೆ ದೀಪ ಹತ್ತುತ್ತದೆ, ಒಂದು ನಿಮಿಷ ಅಲುಗದಿದ್ದರೆ ಆರುತ್ತದೆ. ಸೂಜಿಗೆ ದಾರ ಪೋಣಿಸುವವಳು ಕುಣಿಯುತ್ತ ಪೋಣಿಸಬೇಕೇ?

ಅವತ್ತು ನಾಲ್ಕು ಗಂಟೆಗೆ ಹಲ್ಲಿನ ಡಾಕ್ಟರಮ್ಮನಿಗೆ ಕೋಟು ಕೊಡಬೇಕಿತ್ತು. ಮರುದಿನ ಆಕೆ ಅದನ್ನು ತೊಟ್ಟು ದೊಡ್ಡ ಸಭೆಯಲ್ಲಿ ಮಾತಾಡುವವಳಿದ್ದಳು. ಕಾಲರಿನ ಕೈಹೊಲಿಗೆ ಅರ್ಧಕ್ಕೆ ಬಂದಾಗ ಕೋಣೆ ಕತ್ತಲಾಯಿತು. ಕೈ ಬೀಸಿದಳು, ಬೆಳಕು ಬಂತು. ನಾಲ್ಕು ಹೊಲಿಗೆಗೆ ಮತ್ತೆ ಹೋಯಿತು. ಹನ್ನೊಂದನೆಯ ಸಲ ಬೀಸುವಾಗ ಸೂಜಿ ಹೆಬ್ಬೆರಳಿಗೆ ನಾಟಿತು.

"ಸ್ವಲ್ಪ ಇಲ್ಲಿ ಬನ್ನಿ."

ಆತ ಬಂದು ಸೆನ್ಸರನ್ನು ಪ್ರೀತಿಯಿಂದ ನೋಡಿದ. "ಅದಕ್ಕೆ ನೀನು ಕಾಣಿಸ್ತಿಲ್ಲ ಅನ್ಸುತ್ತೆ."

"ಮೂವತ್ತು ವರ್ಷದಿಂದ ನಿಮಗೇ ಕಾಣಿಸಿಲ್ಲ, ಅದನ್ನೇನು ಬಯ್ಯೋದು. ನನ್ನ ಹಳೇ ಸ್ವಿಚ್ ಹಾಕಿಕೊಡಿ."

"ಕೋಡ್‌ನಲ್ಲಿ ಒಂದು ಸಾಲು ಬದಲಾಯಿಸಿದ್ರೆ ಸಾಕು ಕಣೇ."

"ನಿನ್ನೆ ನೀವು ಸಾಲು ಬದಲಾಯಿಸಿದ್ದಕ್ಕೇ ನೀವೇ ಮೊಬೈಲಲ್ಲಿ ಬಚ್ಚಲ ದೀಪ ಒತ್ತಿದ್ರೆ ನೀರಿನ ಪಂಪ್ ಶುರುವಾಯ್ತು. ನಿಮ್ಮ ವೈರೇ ನನಗೆ ವೈರಿ. ಸಾಯಂಕಾಲದೊಳಗೆ ಎಲ್ಲಾ ಕಿತ್ತಿರಬೇಕು."

ಆತ ಮುಖ ಸಣ್ಣದು ಮಾಡಿಕೊಂಡು ಸ್ಕ್ರೂಡ್ರೈವರ್ ಹುಡುಕಲು ಹೋದ. ಅವಳು ಒಂದು ಕೈಯಲ್ಲಿ ಹೊಲಿಯುತ್ತ, ಇನ್ನೊಂದರಲ್ಲಿ ಗಾಳಿಗೆ ಟಾಟಾ ಮಾಡುತ್ತ, ಹೇಗೋ ಕೋಟು ಮುಗಿಸಿದಳು.

ನಾಲ್ಕಕ್ಕೆ ಬಂದ ಡಾಕ್ಟರಮ್ಮ ಕತ್ತಲ ಕೋಣೆಗೆ ಕಾಲಿಟ್ಟದ್ದೇ ತಡ, ದೀಪ ತಾನಾಗಿ ಹತ್ತಿತು.

"ಎಷ್ಟು ಚೆನ್ನಾಗಿದೆ ಇದು. ಪಕ್ಕದ ಬೀದಿ ಟೈಲರ್ ಅಂಗಡೀಲಿ ಫ್ಯಾನೂ ನೆಟ್ಟಗೆ ತಿರುಗಲ್ಲ."

ಪಕ್ಕದ ಬೀದಿ ಟೈಲರ್ ಎಂಬ ಶಬ್ದ ಕಿವಿಗೆ ಬಿದ್ದರೆ ಹೊಲಿಗೆಯಾಕೆಗೆ ವಿವೇಕ ಉಳಿಯುವುದಿಲ್ಲ. "ನಮ್ಮನೆಯವರೇ ಮಾಡಿದ್ದು," ಎಂದಳು. "ಇದಿಲ್ದೆ ನನಗೆ ಕೈಯೇ ಓಡಲ್ಲ."

"ಹಾಗಾದ್ರೆ ನಮ್ಮ ಕ್ಲಿನಿಕ್ಕಿಗೂ ಮಾಡಿಕೊಡ್ತಾರಾ? ಎಂಟು ಕೋಣೆ ಇದೆ."

"ಖಂಡಿತ ಮಾಡ್ತೀನಿ," ಎಂದಿತು ಬಾಗಿಲ ಹೊರಗೆ ಸ್ಕ್ರೂಡ್ರೈವರ್ ಹಿಡಿದು ಸ್ಟೂಲು ಹತ್ತಿದ್ದ ಗಂಡನ ದನಿ.

ಬೆಳಗಾಗುವಷ್ಟರಲ್ಲಿ ಬಟ್ಟೆ ಕತ್ತರಿಸುವ ಅವಳ ಉದ್ದನೆಯ ಮೇಜಿನ ಮೇಲೆ ಬೋರ್ಡು, ವೈರು, ಬೆಸುಗೆಯ ಹೊಗೆ.

"ಒಂದೆರಡು ತಿಂಗಳು ನೆಲದ ಮೇಲೇ ಕತ್ತರಿಸಿಕೋ," ಎಂದ ಆತ, ತಲೆಯೆತ್ತದೆ. "ನಿನ್ನ ಶಿಫಾರಸಿನಿಂದ ಬಂದ ಕೆಲಸ, ಕೆಡಿಸೋ ಹಾಗಿಲ್ಲ."